ಮನೆವಾರ್ತೆ: ಉರಿಸಿದ ದೀಪಕ್ಕೆಷ್ಟು, ಎಳೆದ ತಂತಿಗೆಷ್ಟು?

ಮನೆ ಕಟ್ಟಿಸುವವರು ಸಿಮೆಂಟಿನ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸುತ್ತಾರೆ. ಬಾಗಿಲ ಚೌಕಟ್ಟಿಗೆ ಸಾಗುವಾನಿಯೋ ಹೊನ್ನೆಯೋ ಎಂದು ವಾರಗಟ್ಟಲೆ ಚರ್ಚಿಸುತ್ತಾರೆ. ನೆಲಕ್ಕೆ ಹಾಸುವ ಕಲ್ಲಿನ ಬಣ್ಣವನ್ನು ಕುರಿತು ಮನೆಯವರೆಲ್ಲರ ಅಭಿಪ್ರಾಯವನ್ನೂ ಕೇಳುತ್ತಾರೆ. ಆದರೆ ವಿದ್ಯುತ್ ಸಂಪರ್ಕದ ಅರ್ಜಿಯನ್ನು ಮಾತ್ರ ಗುತ್ತಿಗೆದಾರನೇ ತುಂಬಿ ತರುತ್ತಾನೆ. ಯಜಮಾನರು ಅವನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಮಾಡುತ್ತಾರೆ. ಕಲ್ಲು, ಮರಗಳಿಗೆ ಹಣ ಕೊಡುವುದು ಒಮ್ಮೆ ಮಾತ್ರ. ಆ ಸಹಿಗಾದರೋ, ಮನೆ ನಿಂತಿರುವಷ್ಟು ಕಾಲ, ತಿಂಗಳು ತಿಂಗಳೂ ಹಣ ತೆರುತ್ತಲೇ ಇರಬೇಕಾಗುತ್ತದೆ. ಈ ಸತ್ಯವನ್ನು ನಾವು ಬಹಳ ತಡವಾಗಿ, ಅದೂ ಒಡಹುಟ್ಟಿದವರೊಬ್ಬರು ನೋವುಂಡ ಮೇಲೆ, ಅರಿತುಕೊಂಡೆವೆಂದು ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳದೆ ಗತ್ಯಂತರವಿಲ್ಲ.

2022ರ ಬೇಸಿಗೆ. ಹಾವೇರಿ ಜಿಲ್ಲೆಯ ಒಂದು ಪಟ್ಟಣದಲ್ಲಿರುವ ನಮ್ಮ ಅಕ್ಕನವರ ಮನೆಗೆ ಮುಸ್ಸಂಜೆಯ ಹೊತ್ತಿಗೆ ಹೋದೆವು. ಭಾವನವರು ತೀರಿಕೊಂಡು ಒಂದು ವರ್ಷ ಕಳೆದಿತ್ತು. ಮಗ ದೂರದ ಊರಿನಲ್ಲಿ ನೌಕರಿಯಲ್ಲಿದ್ದನು. ಮಹಡಿಯ ಕೋಣೆಗಳಿಗೆ ಬೀಗ ಬಿದ್ದಿತ್ತು. ಹೊರಬಾಗಿಲು ತೆರೆದೇ ಇತ್ತು, ಒಳಗೆ ಮಾತ್ರ ಕತ್ತಲೆ. ಕರೆಂಟು ಹೋಗಿರಬಹುದೆಂದು ಭಾವಿಸಿ ಕರೆದರೆ, ಪಡಸಾಲೆಯ ಮೂಲೆಯಿಂದ ಅಕ್ಕನವರ ದನಿ ಕೇಳಿಸಿತು. ಫ್ಯಾನು ನಿಂತಿತ್ತು, ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ಬಟ್ಟೆ ಒರೆಸಿಟ್ಟಿದ್ದರು. ಮೊಣಕಾಲಿಗೆ ಅರಿಶಿನದ ಪಟ್ಟು ಕಟ್ಟಿಕೊಂಡಿದ್ದರು. ಹಿಂದಿನ ರಾತ್ರಿ ಕತ್ತಲಲ್ಲಿ ಹೊಸ್ತಿಲು ಎಡವಿ ಬಿದ್ದಿದ್ದರಂತೆ.

"ತಮ್ಮಾ, ಮೀಟರ್ ಕೆಟ್ಟೈತೋ ಏನೋ. ಒಂದು ಲೈಟ್ ಹಚ್ಚಲಿಲ್ಲಂದ್ರೂ ಬಿಲ್ಲು ಹಾಂಗ ಬರತೈತಿ. ಇನ್ನ ಏನ್ ಬಂದ್ ಮಾಡ್ಲಿ ಹೇಳು" ಎಂದರು.

ದೀಪ ಹಾಕಿ ಬಿಲ್ಲು ನೋಡಿದೆವು. ಮೀಟರು ಸರಿಯಾಗಿಯೇ ಇತ್ತು. ಅಕ್ಕನವರು ಬಳಸಿದ್ದ ಯೂನಿಟ್ಟುಗಳು ಬೆರಳೆಣಿಕೆಯಷ್ಟು. ಅದಕ್ಕೆ ಸಂದಾಯವಾಗಬೇಕಾದ ಹಣಕ್ಕಿಂತ ಮೂರು ಪಟ್ಟಿಗೂ ಮಿಗಿಲಾದ ಮೊತ್ತ ಬೇರೊಂದು ಸಾಲಿನಲ್ಲಿತ್ತು: ನಿಗದಿತ ಶುಲ್ಕ. ಅದರ ಪಕ್ಕದಲ್ಲಿಯೇ ಮಂಜೂರಾದ ಭಾರ ಹತ್ತು ಕಿಲೋವ್ಯಾಟ್ ಎಂದು ಮುದ್ರಿತವಾಗಿತ್ತು. ಮನೆ ಕಟ್ಟಿದ ವರ್ಷ ಭಾವನವರು ಶಾಲೆಯ ಕೆಲಸದಲ್ಲಿ ಮಗ್ನರಾಗಿದ್ದುದರಿಂದ ವೈರಿಂಗಿನ ಉಸ್ತುವಾರಿ ನಮ್ಮ ಪಾಲಿಗೆ ಬಂದಿತ್ತು. "ಎಷ್ಟು ಲೋಡ್ ಬರೀಲ್ರಿ? ಹತ್ತು ಇರಲಿ ಬಿಡ್ರಿ, ಮುಂದ ಏಸಿ ಹಾಕ್ಸೋದು ಬಂದ್ರ ಬೇಕಾಗತೈತಿ" ಎಂದು ಗುತ್ತಿಗೆದಾರನು ಹೇಳಿದಾಗ, "ಆಗಲಿ" ಎಂದವರು ನಾವೇ. ಆ ಏಸಿ ಎಂದೂ ಬರಲಿಲ್ಲ. ಅದರ ಹೆಸರಿನ ಹಣವನ್ನು ಮಾತ್ರ ಅರ್ಧ ಪಿಂಚಣಿಯ ಮೇಲೆ ಬದುಕುವ ಹೆಣ್ಣುಮಗಳೊಬ್ಬರು ಕತ್ತಲಲ್ಲಿ ಕುಳಿತು ಕಟ್ಟುತ್ತಿದ್ದರು. ದೀಪ ಆರಿಸಿದರೆ ಇಳಿಯುವ ಹಣ ಅದಲ್ಲವೆಂದು ಅವರಿಗೆ ತಿಳಿಸಿ ಹೇಳಿದವರಿರಲಿಲ್ಲ.

ಈ ನಿಗದಿತ ಶುಲ್ಕವೆಂದರೇನು? ಮದುವೆಯ ಖರ್ಚಿನಿಂದ ತಿಳಿಯುವುದು ಸುಲಭ. ಕಲ್ಯಾಣ ಮಂಟಪಕ್ಕೆ ಬಾಡಿಗೆ ಕೊಡುತ್ತೇವೆ. ಊಟಕ್ಕೆ ಎಲೆಯ ಲೆಕ್ಕದಲ್ಲಿ ಕೊಡುತ್ತೇವೆ. ಐನೂರು ಜನರ ಮಂಟಪ ಹಿಡಿದು ನೂರು ಜನ ಬಂದರೆ ಎಲೆಯ ಹಣ ಉಳಿದೀತು, ಬಾಡಿಗೆ ಉಳಿಯದು. ವಿದ್ಯುತ್ತಿನಲ್ಲಿ ಯೂನಿಟ್ಟಿನ ದರ ಎಲೆಯ ಲೆಕ್ಕ. ನಿಗದಿತ ಶುಲ್ಕ ಮಂಟಪದ ಬಾಡಿಗೆ. ಮಂಟಪ ಎಷ್ಟು ದೊಡ್ಡದೆಂಬುದನ್ನು ನಾವು ಅರ್ಜಿಯಲ್ಲಿ ಬರೆದ ಕಿಲೋವ್ಯಾಟ್ ನಿರ್ಧರಿಸುತ್ತದೆ.

ಈ ಬಾಡಿಗೆಯನ್ನು ಅನ್ಯಾಯವೆಂದು ತಳ್ಳಿಹಾಕುವುದೂ ಸಲ್ಲದು. ನಮ್ಮ ನಾಡಿನ ವಿದ್ಯುತ್ತಿನ ಇತಿಹಾಸವೇ ತಂತಿಯ ಇತಿಹಾಸ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಸಮೀಪದ ಊರುಗಳಿಗಲ್ಲ, ಬಹುದೂರದ ಕೋಲಾರದ ಚಿನ್ನದ ಗಣಿಗಳಿಗೆ. ನೀರು ತಾನಾಗಿ ಧುಮುಕುತ್ತಿತ್ತು. ಹಣವನ್ನು ಯಂತ್ರಗಳಿಗೂ, ಕಾಡುಮೇಡುಗಳನ್ನು ದಾಟಿ ಸಾಗುವ ಕಂಬ ತಂತಿಗಳಿಗೂ ಮುಂಚಿತವಾಗಿಯೇ ಸುರಿಯಬೇಕಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಇಂದಿಗೂ ಸ್ಥಿತಿ ಬೇರೆಯಲ್ಲ. ಶರಾವತಿಯಿಂದಲೋ, ರಾಯಚೂರಿನಿಂದಲೋ, ಕೈಗಾದಿಂದಲೋ ಹೊರಟ ವಿದ್ಯುತ್ತು ಎತ್ತರದ ಗೋಪುರಗಳ ಮೇಲೆ ಸಾಗಿ, ಉಪಕೇಂದ್ರಗಳಲ್ಲಿ ಇಳಿದು, ನಮ್ಮ ಓಣಿಯ ಕೊನೆಯ ಟಿ.ಸಿ.ಯ ಮೂಲಕ ಮನೆಗೆ ಬರುತ್ತದೆ. ನಾವು ಸ್ವಿಚ್ ಒತ್ತಿದರೂ ಒತ್ತದಿದ್ದರೂ ಆ ತಂತಿ ಜೀವಂತವಾಗಿರಬೇಕು. ಮಳೆಗಾಲದ ನಡುರಾತ್ರಿಯಲ್ಲಿ ಕಂಬ ಹತ್ತುವ ಲೈನ್‌ಮನ್ ಸಂಬಳ ಪಡೆಯಬೇಕು. ವಿದ್ಯುತ್ ಸ್ಥಾವರಗಳಿಗೆ ಒಪ್ಪಂದದಂತೆ ಸಲ್ಲಬೇಕಾದ ಸ್ಥಿರ ಹಣ ಸಲ್ಲಬೇಕು. ಎಲ್ಲರೂ ಹತ್ತು ಕಿಲೋವ್ಯಾಟ್ ಬೇಕೆಂದು ಬರೆದುಕೊಟ್ಟರೆ, ಬಳಸುವವರು ಇರಲಿ ಇಲ್ಲದಿರಲಿ, ಅದಕ್ಕೆ ತಕ್ಕ ಸಿದ್ಧತೆಯನ್ನು ಜಾಲವು ಮಾಡಿಕೊಳ್ಳಬೇಕಾಗುತ್ತದೆ.

1957ರಲ್ಲಿ ಸ್ಥಾಪಿತವಾದ ವಿದ್ಯುಚ್ಛಕ್ತಿ ಮಂಡಳಿಯನ್ನು ನಮ್ಮ ಹಿರಿಯರು ಇಂದಿಗೂ ಕೆ.ಇ.ಬಿ. ಎಂದೇ ಕರೆಯುತ್ತಾರೆ. 1999ರಲ್ಲಿ ಅದರ ಸ್ಥಾನಕ್ಕೆ ವಿದ್ಯುತ್ ಪ್ರಸರಣ ನಿಗಮ ಬಂದಿತು. 2002ರಲ್ಲಿ ಮನೆಮನೆಗೆ ಹಂಚುವ ಕೆಲಸವನ್ನು ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂಗಳಿಗೆ ಒಪ್ಪಿಸಲಾಯಿತು. ಮೈಸೂರು ಭಾಗದ ಕಂಪನಿ ಅನಂತರ ಹುಟ್ಟಿತು. ದರವನ್ನು ನಿಶ್ಚಯಿಸುವುದು ಈ ಕಂಪನಿಗಳಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬಳಸಿದ ವಿದ್ಯುತ್ತಿನ ಬೆಲೆಯ ಜೊತೆಗೆ ನಿಗದಿತ ಶುಲ್ಕವನ್ನು ವಿಧಿಸಲು 2003ರ ವಿದ್ಯುಚ್ಛಕ್ತಿ ಕಾಯಿದೆಯ 45ನೆಯ ಕಲಮು ಅವಕಾಶ ಕೊಟ್ಟಿದೆ.

ಇನ್ನು ಅಂಕಿಗಳ ಕಡೆಗೆ ಬರೋಣ. ಗೃಹಬಳಕೆಯ ಸಂಪರ್ಕಕ್ಕೆ 2024-25ರಲ್ಲಿ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 120 ರೂಪಾಯಿ ನಿಗದಿತ ಶುಲ್ಕವೂ, ಯೂನಿಟ್ಟಿಗೆ 5 ರೂಪಾಯಿ 90 ಪೈಸೆಯೂ ಇದ್ದವು. 2025-26ಕ್ಕೆ ನಿಗದಿತ ಶುಲ್ಕ 145 ರೂಪಾಯಿಗೆ ಏರಿತು. ಯೂನಿಟ್ ದರ 5 ರೂಪಾಯಿ 80 ಪೈಸೆಗೆ ಇಳಿಯಿತು. ಹತ್ತು ಪೈಸೆ ಇಳಿದ ಸುದ್ದಿ ಕೇಳಿ ಹಿಗ್ಗಿದವರು ಈ ಲೆಕ್ಕವನ್ನು ನೋಡಬೇಕು.

ತಿಂಗಳಿಗೆ 80 ಯೂನಿಟ್ ಬಳಸುವ, 4 ಕಿಲೋವ್ಯಾಟ್ ಭಾರದ ಮನೆಯನ್ನು ತೆಗೆದುಕೊಳ್ಳೋಣ. 2024-25ರಲ್ಲಿ ನಿಗದಿತ ಶುಲ್ಕ 480, ಯೂನಿಟ್ಟಿನ ಹಣ 472, ಒಟ್ಟು 952 ರೂಪಾಯಿ. 2025-26ರಲ್ಲಿ ನಿಗದಿತ ಶುಲ್ಕ 580, ಯೂನಿಟ್ಟಿನ ಹಣ 464, ಒಟ್ಟು 1,044 ರೂಪಾಯಿ. ಯೂನಿಟ್ ಅಗ್ಗವಾಯಿತು, ಬಿಲ್ಲು 92 ರೂಪಾಯಿ ಏರಿತು! ಕಿಲೋವ್ಯಾಟಿಗೆ ಏರಿದ 25 ರೂಪಾಯಿಯನ್ನು ಯೂನಿಟ್ಟಿಗೆ ಇಳಿದ ಹತ್ತು ಪೈಸೆಯಿಂದ ಸರಿದೂಗಿಸಬೇಕಾದರೆ ಪ್ರತಿ ಕಿಲೋವ್ಯಾಟಿಗೆ 250 ಯೂನಿಟ್, ಅಂದರೆ ಈ ಮನೆಯವರು ತಿಂಗಳಿಗೆ 1,000 ಯೂನಿಟ್ ಉರಿಸಬೇಕು. ಯಾವ ಸಂಸಾರಸ್ಥನು ಅಷ್ಟು ಉರಿಸಿಯಾನು? ಇದರ ಮೇಲೆ ಪಿಂಚಣಿ ಮತ್ತು ಉಪದಾನದ ಬಾಬತ್ತಿಗೆಂದು 2025-26ರಲ್ಲಿ ಯೂನಿಟ್ಟಿಗೆ 36 ಪೈಸೆಯೂ, ಸರ್ಕಾರದ ಶೇಕಡಾ 9ರ ತೆರಿಗೆಯೂ ಸೇರಿದವು; ಲೆಕ್ಕ ಸರಳವಾಗಿರಲೆಂದು ಅವನ್ನು ಇಲ್ಲಿ ಬಿಟ್ಟಿದ್ದೇವೆ.

ಅದೇ 80 ಯೂನಿಟ್ಟಿನ ಮನೆಗೆ ನಮ್ಮಂತಹವರು "ಆಗಲಿ" ಎಂದು 10 ಕಿಲೋವ್ಯಾಟ್ ಬರೆಸಿದ್ದರೆ? 2025-26ರ ದರದಲ್ಲಿ ನಿಗದಿತ ಶುಲ್ಕವೇ 1,450 ರೂಪಾಯಿ, ಒಟ್ಟು 1,914. ಒಂದೊಂದು ಯೂನಿಟ್ಟಿಗೂ ಹತ್ತಿರ ಹತ್ತಿರ 24 ರೂಪಾಯಿ ಬಿದ್ದಂತಾಯಿತು. 4 ಕಿಲೋವ್ಯಾಟಿನ ಮನೆಗೆ ಬಿದ್ದದ್ದು 13 ರೂಪಾಯಿ. ಎರಡು ಮನೆಗಳ ಅಂತರ ತಿಂಗಳಿಗೆ 870, ವರ್ಷಕ್ಕೆ 10,440 ರೂಪಾಯಿ. ದರ ಒಂದು ಪೈಸೆಯೂ ಏರದೆ ಹಾಗೆಯೇ ನಿಂತರೂ ಹತ್ತು ವರ್ಷಕ್ಕೆ 1,04,400 ರೂಪಾಯಿ. ಅರ್ಜಿಯಲ್ಲಿ ಬರೆದ ಒಂದು ಅಂಕಿಯ ಬೆಲೆ ಇದು.

ಹಾಗಾದರೆ ಎಷ್ಟು ಬರೆಯಬೇಕು? ಮನೆಯ ಗೃಹಿಣಿಯೇ ಕಾಗದ ಪೆನ್ಸಿಲು ಹಿಡಿದು ಕುಳಿತರೆ ಇದು ಅರ್ಧ ಗಂಟೆಯ ಕೆಲಸ. ಪ್ರತಿಯೊಂದು ಸಲಕರಣೆಯ ಮೇಲೂ ಅದು ಎಷ್ಟು ವ್ಯಾಟಿನದೆಂದು ಬರೆದಿರುತ್ತದೆ. ಸಾಮಾನ್ಯವಾಗಿ ನೀರು ಕಾಯಿಸುವ ಗೀಸರ್ 2,000 ವ್ಯಾಟ್, ಇಸ್ತ್ರಿಪೆಟ್ಟಿಗೆ 1,000, ಮಿಕ್ಸರ್ 750, ಒಂದು ಅಶ್ವಶಕ್ತಿಯ ಪಂಪು 746, ಬಟ್ಟೆ ಒಗೆಯುವ ಯಂತ್ರ 500, ಫ್ರಿಜ್ಜು 200, ಟಿ.ವಿ. 100, ಹಳೆಯ ಮಾದರಿಯ ಐದು ಫ್ಯಾನುಗಳಿಗೆ 350, ಒಂಬತ್ತು ವ್ಯಾಟಿನ ಎಂಟು ಎಲ್.ಇ.ಡಿ. ದೀಪಗಳಿಗೆ 72. ಎಲ್ಲವನ್ನೂ ಕೂಡಿದರೆ 5,718 ವ್ಯಾಟ್, ಅಂದರೆ 6 ಕಿಲೋವ್ಯಾಟಿಗೆ ಸ್ವಲ್ಪ ಕಡಿಮೆ. ಆದರೆ ಎಲ್ಲವೂ ಒಂದೇ ಕ್ಷಣದಲ್ಲಿ ನಡೆಯುವುದುಂಟೆ? ಮನೆಯ ಅತ್ಯಂತ ಗಡಿಬಿಡಿಯ ಹೊತ್ತೆಂದರೆ ಮುಂಜಾನೆ. ಸ್ನಾನಕ್ಕೆ ಗೀಸರ್, ಚಟ್ನಿಗೆ ಮಿಕ್ಸರ್, ಫ್ರಿಜ್ಜು, ಎರಡು ಫ್ಯಾನು, ನಾಲ್ಕಾರು ದೀಪ ಸೇರಿ ಸುಮಾರು 3,140 ವ್ಯಾಟ್. ಆಗಲೇ ಪಂಪನ್ನೂ ಹಚ್ಚಿದರೆ 3,900ರ ಸಮೀಪ. ಇಂತಹ ಮನೆಗೆ 4 ಕಿಲೋವ್ಯಾಟ್ ಸಾಕು. ಮಧ್ಯಾಹ್ನ ನೀರೇರಿಸುವ, ಗೀಸರ್ ಆರಿಸಿದ ಮೇಲೆ ಇಸ್ತ್ರಿ ಮಾಡುವ ಶಿಸ್ತು ಮನೆಯಲ್ಲಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಗೀಸರಿನ ಬದಲು ಸೌರ ಹಂಡೆ ಅಥವಾ ಸೌದೆಯ ಒಲೆ ಇರುವ ಮನೆಯ ಭಾರ ಇನ್ನೂ ಹಗುರ.

ಹಾಗೆಂದು ಜಿಪುಣತನದಿಂದ ತೀರ ಕಡಿಮೆ ಬರೆಯುವುದೂ ವಿವೇಕವಲ್ಲ. ಮಂಜೂರಾದುದಕ್ಕಿಂತ ಹೆಚ್ಚು ಎಳೆದರೆ ಸ್ವಿಚ್ಚು ತಾನಾಗಿ ಬೀಳುತ್ತಿರುತ್ತದೆ, ಹೆಚ್ಚುವರಿ ಶುಲ್ಕವೂ ಬಂದೀತು. ಈಗಿನ ಮೀಟರುಗಳು ತಿಂಗಳಲ್ಲಿ ಯಾವ ಗಳಿಗೆಯಲ್ಲಿ ಅತಿ ಹೆಚ್ಚು ಭಾರ ಬಿದ್ದಿತೆಂಬುದನ್ನೂ ದಾಖಲಿಸಿಡುತ್ತವೆ. ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಕೇಂದ್ರ ಸರ್ಕಾರವು 2023ರಲ್ಲಿ ತಿದ್ದಿದ ಗ್ರಾಹಕ ಹಕ್ಕುಗಳ ನಿಯಮ ಒಂದು ಸಮಾಧಾನ ತಂದಿದೆ: ಒಂದು ತಿಂಗಳು ಭಾರ ಮೀರಿದರೆ ಆ ತಿಂಗಳ ಮಟ್ಟಿಗೆ ನಿಜವಾಗಿ ದಾಖಲಾದ ಭಾರದ ಮೇಲೆ ಲೆಕ್ಕ, ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದರೆ ಮಾತ್ರ ಮಂಜೂರಾದ ಭಾರವನ್ನೇ ಏರಿಸುವುದು. ಆದ್ದರಿಂದ ಇಂದಿನ ಅಗತ್ಯಕ್ಕೆ ತಕ್ಕಷ್ಟು ಬರೆದು, ಮುಂದೆ ಏಸಿ ನಿಜವಾಗಿಯೂ ಮನೆಗೆ ಬಂದ ದಿನ ಭಾರ ಏರಿಸಿಕೊಳ್ಳುವುದೇ ಜಾಣತನ. ಒಳಗಿನ ವೈರನ್ನು ಮಾತ್ರ ಮುಂದಿನ ಅಗತ್ಯವನ್ನು ನೋಡಿ ದಪ್ಪನೆಯದನ್ನೇ ಎಳೆಸಿರಿ. ಗೋಡೆಯ ಒಳಗಿನ ವೈರಿಗೆ ತಿಂಗಳ ಬಾಡಿಗೆಯಿಲ್ಲ. ಅದನ್ನು ಬದಲಿಸಲು ಹೊರಟರೆ ಗೋಡೆ ಒಡೆಯಬೇಕಾಗುತ್ತದೆ.

ಹೊಸ ಸಂಪರ್ಕಕ್ಕೆ ಹೊರಟವರು ಒಮ್ಮೆ ಕೊಡುವ ಹಣ, ಠೇವಣಿಯಾಗಿ ಇಡುವ ಹಣ, ತಿಂಗಳು ತಿಂಗಳೂ ತೆರುವ ಹಣ, ಈ ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಕಂಬ, ತಂತಿ, ಮೀಟರುಗಳ ಖರ್ಚು ಒಮ್ಮೆ ಕೊಡುವಂಥದು. ತಂತಿ ಎಳೆಯಲು ತಗಲುವ ನ್ಯಾಯವಾದ ವೆಚ್ಚವನ್ನು ಅರ್ಜಿದಾರನಿಂದ ವಸೂಲು ಮಾಡಲು ಕಾಯಿದೆಯಲ್ಲಿ ಅವಕಾಶವಿದೆ. ಭದ್ರತಾ ಠೇವಣಿ ನಮ್ಮದೇ ಹಣ. ಅದಕ್ಕೆ ಬಡ್ಡಿ ಸಲ್ಲಬೇಕೆಂದು 47ನೆಯ ಕಲಮು ಹೇಳುತ್ತದೆ. ಬಳಕೆ ಹೆಚ್ಚಿದರೆ ಹೆಚ್ಚುವರಿ ಠೇವಣಿಯ ನೋಟೀಸು ಬರುವುದುಂಟು, ಗಾಬರಿಪಡಬೇಕಾಗಿಲ್ಲ. ಮೂರನೆಯದಾದ ತಿಂಗಳ ಹಣವನ್ನೇ ಜನ ಮರೆಯುವುದು. ಅದನ್ನು 12ರಿಂದ ಗುಣಿಸಿ, ಮತ್ತೆ 10ರಿಂದ ಗುಣಿಸಿ, ಮೊದಲೆರಡರ ಪಕ್ಕದಲ್ಲಿ ಬರೆಯಿರಿ. ಯಾವುದು ದೊಡ್ಡದೆಂಬುದು ಆಗ ತಾನೇ ತಿಳಿಯುತ್ತದೆ.

ಮುಂಭಾಗದಲ್ಲಿ ಅಂಗಡಿ ಮಳಿಗೆ ಕಟ್ಟುವವರು ಅದಕ್ಕೆ ಪ್ರತ್ಯೇಕ ಸಂಪರ್ಕ ಪಡೆಯುವುದು ಒಳಿತು. ವಾಣಿಜ್ಯದ ದರವೇ ಬೇರೆ, ಹೆಚ್ಚಿನದು. ಮನೆಯ ಮೀಟರಿನಿಂದ ಅಂಗಡಿಗೆ ತಂತಿ ಎಳೆದರೆ 126ನೆಯ ಕಲಮಿನಂತೆ ಅನಧಿಕೃತ ಬಳಕೆಯಾಗಿ ಎರಡು ಪಟ್ಟು ದರ ತೆರಬೇಕಾದೀತು. ಕಟ್ಟಡ ಏಳುವಾಗ ಪಡೆದ ತಾತ್ಕಾಲಿಕ ಸಂಪರ್ಕವೂ ದುಬಾರಿಯೇ. ಗೃಹಪ್ರವೇಶದ ಸಂಭ್ರಮದಲ್ಲಿ ಅದನ್ನು ಕಾಯಂ ಮಾಡಿಸಿಕೊಳ್ಳಲು ಮರೆಯಬಾರದು. ಅರ್ಜಿ ಪೂರ್ಣವಾಗಿದ್ದರೆ ಮಹಾನಗರಗಳಲ್ಲಿ 3, ಇತರ ಪಟ್ಟಣಗಳಲ್ಲಿ 7, ಹಳ್ಳಿಗಳಲ್ಲಿ 15 ದಿನಗಳೊಳಗೆ ಸಂಪರ್ಕ ದೊರೆಯಬೇಕೆಂದು 2024ರ ಕೇಂದ್ರ ನಿಯಮ ವಿಧಿಸಿದೆ.

ಸೂರ್ಯನ ಬೆಳಕಿನಿಂದ ವಿದ್ಯುತ್ ಪಡೆದರೆ ಈ ಗೋಜೇ ಇಲ್ಲವಲ್ಲ ಎನ್ನುವವರುಂಟು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಛಾವಣಿ ಘಟಕಕ್ಕೆ 78,000 ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಒಳ್ಳೆಯದೇ. ಆದರೆ ಅದರಿಂದ ಇಳಿಯುವುದು ಯೂನಿಟ್ಟಿನ ಲೆಕ್ಕ ಮಾತ್ರ. ರಾತ್ರಿ ನಮಗೆ ಬೆಳಕು ಕೊಡುವುದು ಅದೇ ತಂತಿಯಾದ್ದರಿಂದ ನಿಗದಿತ ಶುಲ್ಕ ಹಾಗೆಯೇ ಉಳಿಯುತ್ತದೆ. ಘಟಕ ಮಾರುವವನು ಹೇಳುವ ಉಳಿತಾಯದ ಲೆಕ್ಕದಲ್ಲಿ ಈ ಸಾಲು ಇದೆಯೇ ಎಂದು ಕೇಳಿ ನೋಡಿ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮಾತೂ ಬರುತ್ತದೆ. ಅದರ ನೆರಳಿನಲ್ಲಿರುವ ಅನೇಕ ಮನೆಗಳಿಗೆ ಬಿಲ್ಲೇ ಶೂನ್ಯ. ಅವರಿಗೆ ಈ ಲೆಕ್ಕ ಕಣ್ಣಿಗೆ ಬೀಳದು. ಆದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ. ಒಬ್ಬರ ಹೆಸರಿನಲ್ಲಿ ಎರಡು ಮೀಟರಿದ್ದರೆ ಸವಲತ್ತು ಒಂದಕ್ಕೆ ಮಾತ್ರ. ಅಂಗಡಿಗೆ ಇಲ್ಲವೇ ಇಲ್ಲ. ಸರ್ಕಾರದ ಸವಲತ್ತು ಇಂದು ಇದ್ದು ನಾಳೆ ಬದಲಾದೀತು. ಅರ್ಜಿಯಲ್ಲಿ ಬರೆದ ಕಿಲೋವ್ಯಾಟ್ ನಾವಾಗಿ ಹೋಗಿ ತಿದ್ದಿಸುವವರೆಗೂ ಬದಲಾಗದು.

ಹೌದು, ಅದನ್ನು ತಿದ್ದಿಸಲು ಬರುತ್ತದೆ. ಅಂದು ರಾತ್ರಿ ಅಕ್ಕನವರಿಗೆ ಬಿಲ್ಲಿನ ಒಂದೊಂದು ಸಾಲನ್ನೂ ಓದಿ ಹೇಳಿದೆವು. "ಹಂಗಾದ್ರ ನಾ ದೀಪ ಆರಿಸಿದ್ದು ಸುಮ್ಮನ ಆತಲ್ಲೋ ತಮ್ಮಾ" ಎಂದರು. ಹತ್ತು ಕಿಲೋವ್ಯಾಟ್ ಬರೆಸಿದವರು ನಾವೇ ಎಂಬುದನ್ನೂ ಒಪ್ಪಿಕೊಂಡೆವು. ಅವರು ಒಂದು ಮಾತೂ ಆಡಲಿಲ್ಲ. ಎದ್ದು ಒಳಗೆ ಹೋಗಿ ಎರಡು ರೊಟ್ಟಿ ತಟ್ಟಿ ತಂದು ಬಡಿಸಿದರು. ಆ ರೊಟ್ಟಿ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು.

ಮರುದಿನ ಇಬ್ಬರೂ ಕಚೇರಿಗೆ ಹೋಗಿ ಭಾರವನ್ನು 3 ಕಿಲೋವ್ಯಾಟಿಗೆ ಇಳಿಸಬೇಕೆಂದು ಅರ್ಜಿ ಕೊಟ್ಟೆವು. ಮೀಟರಿನ ಹೆಸರು ಇನ್ನೂ ಭಾವನವರದೇ ಇದ್ದುದರಿಂದ ಅದನ್ನೂ ಬದಲಿಸಬೇಕಾಯಿತು. ಮರಣ ಪತ್ರ, ಮನೆಯ ಕಾಗದಗಳಿಗಾಗಿ ಮೂರು ಸಲ ತಿರುಗಿದೆವು. ಹಿಂದೆ ಹತ್ತು ಕಿಲೋವ್ಯಾಟಿಗೆಂದು ಕಟ್ಟಿದ ಹಣ ಮರಳಲಿಲ್ಲ. ಆದರೆ ಅನಂತರದ ಬಿಲ್ಲಿನಲ್ಲಿ ಆ ದೊಡ್ಡ ಸಾಲು ಸಣ್ಣದಾಗಿತ್ತು. ಬಿಲ್ಲಿನಲ್ಲಿ ಅನ್ಯಾಯವಾಗಿದೆಯೆಂದು ಕಂಡವರಿಗೆ ಪ್ರತಿ ಕಂಪನಿಯಲ್ಲಿಯೂ ಗ್ರಾಹಕರ ಕುಂದುಕೊರತೆ ವೇದಿಕೆಯಿದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ದರ ಪರಿಷ್ಕರಣೆಗೆ ಮುನ್ನ ಆಯೋಗವು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ನಿಗದಿತ ಶುಲ್ಕದ ಏರಿಕೆ ಅಲ್ಪ ಬಳಕೆಯ ಮನೆಗಳ ಮೇಲೆ ಹೇಗೆ ಬೀಳುತ್ತದೆಂದು ಹೇಳಲು ಅಲ್ಲಿ ನಮಗೂ ಅವಕಾಶವಿದೆ.

ಓದುಗ ಬಂಧುಗಳೇ, ಈ ತಿಂಗಳ ಬಿಲ್ಲನ್ನು ಮಡಿಸಿ ಇಡುವ ಮುನ್ನ ಮಂಜೂರಾದ ಭಾರ ಎಂಬ ಸಾಲನ್ನೊಮ್ಮೆ ನೋಡಿರಿ. ಊರಿನಲ್ಲಿ ಒಂಟಿಯಾಗಿರುವ ತಾಯಿ, ಅತ್ತೆ, ಅಕ್ಕಂದಿರ ಮನೆಗೆ ಹೋದಾಗ ಅವರ ಬಿಲ್ಲನ್ನೂ ಕೇಳಿ ಪಡೆದು ಓದಿರಿ. ನಮ್ಮ ಅಕ್ಕನವರ ಪಡಸಾಲೆಯಲ್ಲಿ ಈಗ ಸಂಜೆಯಾದೊಡನೆ ದೀಪ ಬೆಳಗುತ್ತದೆ. ಆ ದೀಪಕ್ಕೆ ತಗಲುವುದು ಗಂಟೆಗೆ ಐದಾರು ಪೈಸೆ. ಅಷ್ಟನ್ನು ಉಳಿಸಲು ಯಾವ ಹೆಣ್ಣುಮಗಳೂ ಕತ್ತಲಲ್ಲಿ ಕೂರದಿರಲಿ.